ಅಲುಗದ ಮುಖದ ವ್ಯಾಪಾರ

ವಲಾಂಡಿಯ ವೀರಭದ್ರನ ಹಳೆಯ ಮುಖಕ್ಕೆ ಹೊಟ್ಟೆಯೊಳಗಿನ ಮಾತನ್ನು ಒಂದು ಗಳಿಗೆಯೂ ಇಟ್ಟುಕೊಳ್ಳಲು ಬರುತ್ತಿರಲಿಲ್ಲ. ಉದಗೀರದ ದನದ ಬಜಾರದಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಆ ಬಜಾರದಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಎದುರುಬದುರು ಕೂತು ಕೈಗಳ ಮೇಲೆ ಒಂದು ರುಮಾಲು ಹಾಕಿಕೊಳ್ಳುತ್ತಾರೆ. ರುಮಾಲಿನ ಕೆಳಗೆ ಒಬ್ಬನ ಬೆರಳುಗಳನ್ನು ಇನ್ನೊಬ್ಬ ಹಿಡಿದು ಒತ್ತುತ್ತಾನೆ. ಎಷ್ಟು ಬೆರಳು ಹಿಡಿದ ಎಂಬುದರಲ್ಲೇ ಬೆಲೆ. ಸುತ್ತ ನೂರು ಜನ ನಿಂತಿದ್ದರೂ ಅದು ಆ ಇಬ್ಬರಿಗೆ ಮಾತ್ರ ಗೊತ್ತು. ಆ ಹೊತ್ತಿನಲ್ಲಿ ಹುಬ್ಬು, ಕೆನ್ನೆ, ತುಟಿ ಮಿಸುಕಬಾರದು. ಮಿಸುಕಿದವನು ಕೆಟ್ಟ.

ವೀರಭದ್ರನದು ಎಲ್ಲವೂ ಮಿಸುಕುತ್ತಿತ್ತು. ಎದುರಿನವನು ಎರಡು ಬೆರಳು ಹಿಡಿದರೆ ಇವನ ಹುಬ್ಬು ಸಂತೋಷಕ್ಕೆ ಟೋಪಿಯ ಅಂಚಿಗೆ ಏರುತ್ತಿತ್ತು. ಮೂರು ಹಿಡಿದರೆ ಕೆಳತುಟಿ ಜೋತು ಬೀಳುತ್ತಿತ್ತು. ಅದನ್ನು ನೋಡಿಕೊಂಡೇ ಎದುರಿನವನು ಬೆಲೆ ಏರಿಸುತ್ತಿದ್ದ. ವೀರಭದ್ರ ಬಜಾರಕ್ಕೆ ಕಾಲಿಟ್ಟನೆಂದರೆ ಕುಂಟ ಎತ್ತು ಕೂಡ ನೆಟ್ಟಗೆ ನಿಲ್ಲುತ್ತಿತ್ತು ಎಂದು ದಲಾಲ ಕಾಶೆಪ್ಪ ಹೇಳುತ್ತಾನೆ. ಕಾಶೆಪ್ಪ ಅವನ ಚಿಕ್ಕಂದಿನ ಗೆಳೆಯ. ಗೊರಸಿನ ಗುರುತು ನೋಡಿ ಎತ್ತಿನ ವಯಸ್ಸು ಹೇಳುವವನು. ಎರಡು ಸಲ ಅದರ ತಾಯಿಯ ವಯಸ್ಸನ್ನೂ ಹೇಳಿದ್ದಾನೆ.

ಆ ಮುಖದಿಂದ ಲಾಭವಿದ್ದದ್ದು ಹೆಂಡತಿ ನೀಲಾಬಾಯಿಗೆ ಒಬ್ಬಳಿಗೇ. ಇಪ್ಪತ್ತೆರಡು ವರ್ಷ ಅವಳು ಗಂಡನನ್ನು ಏನೂ ಕೇಳಬೇಕಾಗಿ ಬಂದಿರಲಿಲ್ಲ. ಮೊದಲ ತುತ್ತು ಅವನ ಬಾಯಿಗೆ ಹೋದ ಕೂಡಲೇ ಮುಖ ನೋಡಿ ಉಪ್ಪಿನ ಡಬ್ಬಿ ತರುತ್ತಿದ್ದಳು. ಅವನು ಹೊಲದಿಂದ ಬರುವುದು ಓಣಿಯ ಆ ತುದಿಯಲ್ಲಿ ಕಂಡರೆ ಸಾಕು, ತೊಗರಿಗೆ ಹುಳ ಬಿದ್ದಿದೆಯೋ ಇಲ್ಲವೋ ಇಲ್ಲೇ ತಿಳಿಯುತ್ತಿತ್ತು.

ಆ ಮುಖ ಹೋದದ್ದು ಡಿಪಿಯಲ್ಲಿ. ಹೊಲಗಳಿಗೆ ಕರೆಂಟು ಹಂಚುವ ಟ್ರಾನ್ಸ್‌ಫಾರ್ಮರಿಗೆ ಆ ಕಡೆ ಡಿಪಿ ಎನ್ನುತ್ತಾರೆ. ಫ್ಯೂಸು ಹೋದರೆ ವೈರ್‌ಮನ್ ಬರುವ ತನಕ ಕಾಯುವ ರೈತ ಅಲ್ಲಿ ಇನ್ನೂ ಹುಟ್ಟಿಲ್ಲ. ವೀರಭದ್ರನೂ ಕಾಯಲಿಲ್ಲ. ಒಂದು ಇಳಿಹೊತ್ತು ತಾನೇ ತಂತಿ ಹಾಕಲು ಹೋದ. ಆಗ ಎದ್ದ ಬೆಳಕಿಗೆ ನಿಲಂಗಾದ ಕೋಳಿಗಳು ಬೆಳಗಾಯಿತೆಂದು ಕೂಗಿದವು, ಯೆಣೆಗೂರದ ಧಾಬಾದವನು ಆಗ ತಾನೇ ಹಚ್ಚಿದ ಲೈಟು ಆರಿಸಿದ. ವಲಾಂಡಿಯಲ್ಲಿ ಹಾಗೆ ಹೇಳುತ್ತಾರೆ. ಬೆಳಕು ಆರಿದಾಗ ವೀರಭದ್ರನ ಕಣ್ಣುಗಳು ಉಳಿದಿದ್ದವು. ಹುಬ್ಬು, ಮೂಗು, ಕೆನ್ನೆ, ತುಟಿ ಉಳಿದಿರಲಿಲ್ಲ.

ಎರಡು ವರ್ಷ ಅವನು ಮುಖಕ್ಕೆ ಟಾವೆಲು ಸುತ್ತಿಕೊಂಡು ಇದ್ದ. ಆಮೇಲೆ ದೊಡ್ಡ ಶಹರದ ಒಂದು ಆಸ್ಪತ್ರೆಯವರು ಸತ್ತವರ ಮುಖವನ್ನು ಬದುಕಿದವರಿಗೆ ಕೂರಿಸುತ್ತಾರೆಂದು ತಿಳಿಯಿತು. ಹೆಸರು ಬರೆಸಿದರು, ಕಾದರು. ಒಂದು ದಿನ ಯಾರೋ ಸತ್ತರು, ಅವರ ಮನೆಯವರು ಒಪ್ಪಿದರು. ಯಾರು, ಯಾವ ಊರು ಎಂದು ಆಸ್ಪತ್ರೆಯವರು ಹೇಳಲಿಲ್ಲ. ಆಪರೇಷನ್ ಇಪ್ಪತ್ತು ತಾಸು ನಡೆಯಿತು. ವಲಾಂಡಿಯಲ್ಲಿ ಅದು ಈಗ ಮೂರು ದಿನ ಆಗಿದೆ. ಬರುವ ವರ್ಷಕ್ಕೆ ಒಂಬತ್ತು ಆದೀತು. ಹೊಸ ಮುಖಕ್ಕೆ ಮೂಗು ಚೂಪು, ಹುಬ್ಬು ದಪ್ಪ, ಗದ್ದದಲ್ಲಿ ಒಂದು ಸಣ್ಣ ಗುಳಿ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಅಲುಗುತ್ತಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಅವನನ್ನು ಉದಗೀರಕ್ಕೆ ಕಳಿಸಿದರು. ವಲಾಂಡಿಯ ಮನೆಗೆ ಹೋಗುವಂತಿರಲಿಲ್ಲ. ಮೈ ಆ ಮುಖವನ್ನು ಬೇರೆಯವರದೆಂದು ಹೊರಗೆ ದೂಡದ ಹಾಗೆ ದಿನಾ ಗುಳಿಗೆ ನುಂಗಬೇಕಿತ್ತು. ಆ ಗುಳಿಗೆಗಳು ಮುಖವನ್ನು ಕಾಯುತ್ತವೆ, ಆದರೆ ರೋಗ ಬಂದರೆ ತಡೆಯುವ ಬಲವನ್ನು ಮಲಗಿಸಿಬಿಡುತ್ತವೆ. ಅದಕ್ಕೆ ಕೊಟ್ಟಿಗೆ ಬೇಡ, ಹೊಟ್ಟಿನ ಧೂಳು ಬೇಡ, ಜನರ ಗದ್ದಲ ಬೇಡ. ಉದಗೀರದಲ್ಲಿ ಒಂದು ಮಾಳಿಗೆಯ ಮೇಲೆ ಕೋಣೆ ಹಿಡಿದರು. ಕೆಳಗೆ ಪ್ರಣಿತಾ ಎಂಬ ಹುಡುಗಿಯ ಫಿಜಿಯೋಥೆರಪಿ ಕ್ಲಿನಿಕ್ ಇತ್ತು. ಅಲ್ಲಿಯ ತನಕ ಅವಳ ಕೈಗೆ ಬಂದದ್ದು ಮೊಣಕಾಲು, ಸೊಂಟ, ಭುಜ ಅಷ್ಟೇ. ಮುಖ ಇದೇ ಮೊದಲು. ದೊಡ್ಡ ಆಸ್ಪತ್ರೆಯವರು ವಾರಕ್ಕೆರಡು ಸಲ ಫೋನಿನಲ್ಲಿ ಕಾಣಿಸಿಕೊಂಡು ಅವಳಿಗೆ ಹೇಳಿಕೊಡುತ್ತಿದ್ದರು.

ಮೊದಲ ದಿನವೇ ಪ್ರಣಿತಾ ಅವನ ಕೆನ್ನೆಯ ಮೇಲೆ ಮೆತ್ತನೆಯ ಬ್ರಷ್ ಆಡಿಸುತ್ತ ವಿಷಯ ತಿಳಿಸಿದಳು.

“ಕಾಕಾ, ಮಾರಿ ಹೊಸದದ, ಖರೆ ಅದಕ್ಕ ಹುಕುಂ ಕೊಡೂ ನರ ನಿಮ್ದೇ ಹಳೇದದ. ಹಳೇ ಬೋರಿಗಿ ಹೊಸ ಪೈಪ್ ಜೋಡಸ್ಯಾರ ಅಂತ ತಿಳ್ಕೋರಿ. ನೀರ ಮುಂದ ಮುಂದ ಬರ್ಲತ್ತದ.”

“ಎಷ್ಟ ಜೋರ ಬರ್ಲತ್ತದ?” ಎಂದು ವೀರಭದ್ರ ಕೇಳಿದ. ತುಟಿ ಕೂಡುತ್ತಿರಲಿಲ್ಲವಾದ್ದರಿಂದ ಅವನ ಮಾತಿನಲ್ಲಿ ಅರ್ಧ ಗಾಳಿ ಇರುತ್ತಿತ್ತು. ನೀಲಾಬಾಯಿಗೆ ಅದು ರೂಢಿಯಾಗಿತ್ತು, ಪ್ರಣಿತಾಗೆ ಮುಂದೆ ರೂಢಿಯಾಯಿತು.

“ದಿನಕ್ಕ ಒಂದ ಮಿಲಿಮೀಟರ್.”

“ಹಂಗಾರ ನಮ್ಮ ಊರ ಕೆನಾಲಿಗಿಂತ ಜೋರೇ ಅದ.”

ಹೇಳಿದ್ದು ಚೇಷ್ಟೆಯೋ ಖರೆಯೋ ಮುಖದಿಂದ ಗೊತ್ತಾಗಲಿಲ್ಲ. ಒಂದು ಗಳಿಗೆ ಬಿಟ್ಟು ಪ್ರಣಿತಾ ನಕ್ಕಳು.

“ಚ್ಯಾಷ್ಟಿ ಬಿಡ್ರಿ ಕಾಕಾ, ಕೇಳ್ರಿ. ನೀರ ಬಂದಾಗ ಯಾವ ಸಾಲಿಗಿ ಬಿಡಬೇಕು ಅಂತ ನೀವ ಕಲಸಬೇಕು. ಇಲ್ಲಾಂದ್ರ ಬಾಯಿಗಿ ಹೋಗೂ ನೀರ ಕಣ್ಣಿಗಿ ಹೋಗ್ತದ. ಕಣ್ಣ ಮುಚ್ಚಿದ್ರ ಬಾಯಿ ಸೊಟ್ಟ ಆಗ್ತದ. ಒಮ್ಮಿ ಹಂಗ ಕಲಿತಂದ್ರ ಬಿಡಸೂದು ಭಾಳ ಕಠಿಣ. ಈ ನಾಕೈದು ತಿಂಗಳೇ ಕಲಸೂ ತಿಂಗಳ. ಬಿಟ್ರ ಹೋತು.”

“ನೀವ್ ಹೇಳ್ರಿ ಮೇಡಮ್, ನಾ ಮಾಡಸ್ತೀನಿ” ಎಂದಳು ನೀಲಾಬಾಯಿ.

ಕಸರತ್ತು ಶುರುವಾಯಿತು. ದಿನಕ್ಕೆ ಐದು ಸಲ. ಮೊದಲು ಕಣ್ಣು ಮುಚ್ಚಿ ನಗುವುದನ್ನು ನೆನೆಯಬೇಕು. ನಗಬಾರದು, ನೆನೆಯಬೇಕು ಅಷ್ಟೇ. ಆಮೇಲೆ ಬೆರಳಿನಿಂದ ತುಟಿಯ ಮೂಲೆಯನ್ನು ಮೆಲ್ಲಗೆ ಮೇಲೆತ್ತಿ, ಅಲ್ಲಿಯೇ ಹಿಡಿಯಲು ಮುಖಕ್ಕೆ ಹೇಳಬೇಕು. ಐಸ್‌ಕ್ರೀಮಿನ ಕಡ್ಡಿಯನ್ನು ತುಟಿಗಳ ನಡುವೆ ಇಟ್ಟು ಬೀಳದಂತೆ ನೋಡಬೇಕು. ಹೊಲಿಗೆಯ ಗೆರೆಗಳ ಮೇಲೆ ಎಣ್ಣೆ ಬೆರಳಿನಿಂದ ಸುತ್ತು ಸುತ್ತಾಗಿ ತಿಕ್ಕಬೇಕು. ತಣ್ಣನೆಯ ಚಮಚ, ಬೆಚ್ಚನೆಯ ಚಮಚ ತಾಗಿಸಿ ಯಾವುದು ಯಾವುದೆಂದು ಕಣ್ಣು ಮುಚ್ಚಿ ಹೇಳಬೇಕು. ಮೊದಮೊದಲು ವೀರಭದ್ರ ಎಲ್ಲದಕ್ಕೂ ತಣ್ಣಗೆ ಎನ್ನುತ್ತಿದ್ದ. ಒಂದು ತಿಂಗಳಿಗೆ ಎಡಗೆನ್ನೆಗೆ ಬಿಸಿ ತಿಳಿಯಿತು. ಕಡ್ಡಿ ಮಾತ್ರ ಇಟ್ಟ ಕೂಡಲೇ ಬೀಳುತ್ತಿತ್ತು. ನೀಲಾಬಾಯಿ ದಿನಕ್ಕೆ ಎಷ್ಟು ಸಲ ಬಗ್ಗಿ ಕಡ್ಡಿ ಎತ್ತಿ ತೊಳೆದಳೆಂದರೆ ಅವಳ ಸೊಂಟಕ್ಕೂ ಪ್ರಣಿತಾ ಒಂದು ಕಸರತ್ತು ಹೇಳಿಕೊಡಬೇಕಾಯಿತು.

ನೀಲಾಬಾಯಿಗೆ ಒಂದೇ ಬೇಕಿತ್ತು. ಗಂಡ ಚೆಂದ ಕಾಣಬೇಕೆಂದಲ್ಲ. ಆ ಮುಖ ಮೊದಲಿನಂತೆ ಅವಳ ಜೊತೆ ಮಾತಾಡಬೇಕು. ಈಗ ಅವಳು ಎಲ್ಲವನ್ನೂ ಬಾಯಿಂದ ಕೇಳಬೇಕಾಗಿತ್ತು. ನೋವಾಗ್ಲತ್ತದೇನ್ರಿ, ಸಾಕೇನ್ರಿ, ಬ್ಯಾಸರಾಗ್ಯಾದೇನ್ರಿ. ಅವನು ಎಲ್ಲದಕ್ಕೂ “ಹ್ಞಾಂ, ಬರೋಬರ್ ಅದ” ಎನ್ನುತ್ತಿದ್ದ. ಒಂದು ಸಲ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಅವನು ಎರಡು ಬಟ್ಟಲು ಉಂಡ. ಅವಳಿಗೆ ಅದು ಆಮೇಲೆ ತಾನು ಉಣ್ಣುವಾಗ ತಿಳಿಯಿತು.

ಕಾಶೆಪ್ಪ ನೋಡಲು ಬಂದದ್ದು ಆ ದಿನಗಳಲ್ಲಿ. ನೀಲಾಬಾಯಿ ಅವನಿಗೆ ಬಾಗಿಲಲ್ಲೇ ಸಾಬೂನು ಕೊಟ್ಟಳು, ಮೂಗುಬಾಯಿಗೆ ಮಾಸ್ಕ್ ಕಟ್ಟಿಸಿದಳು.

“ವೈನಿ, ನಾ ಎತ್ತಿನ ಬಾಯಾಗ ಕೈ ಹಾಕೂ ಮನಷ್ಯಾ. ನನ್ನ ಕೈ ಹಿಂಗ ಯಾರೂ ತೊಳಸಿಲ್ಲ” ಎಂದ ಕಾಶೆಪ್ಪ.

“ಅದಕ್ಕೇ ಎರಡ ಸಲ ತೊಳೀರಿ ಅಣ್ಣಾ.”

ಒಳಗೆ ಬಂದು ಕೂತ ಕಾಶೆಪ್ಪನಿಗೆ ಏನು ಮಾತಾಡಬೇಕೆಂದು ತಿಳಿಯಲಿಲ್ಲ. ಎದುರಿಗೆ ಗುರುತಿಲ್ಲದ ಮುಖ, ಅದರೊಳಗೆ ಗುರುತಿನ ಕಣ್ಣು. ಮಾತು ಹೊಳೆಯದಾಗ ದಲಾಲನ ಕೈ ತಾನೇ ಕೆಲಸಕ್ಕೆ ಹೋಗುತ್ತದೆ. ಹೆಗಲ ಮೇಲಿನ ರುಮಾಲು ತೆಗೆದು ಇಬ್ಬರ ಕೈಗಳ ಮೇಲೆ ಹಾಕಿದ. ನೀಲಾಬಾಯಿ ಅದನ್ನು ಕಸಿದುಕೊಂಡು ಒಗೆದು ಒಣಗಿಸಿದ ಟಾವೆಲು ಕೊಟ್ಟಳು. ಕಾಶೆಪ್ಪ ಟಾವೆಲಿನ ಕೆಳಗೆ ಗೆಳೆಯನ ಎರಡು ಬೆರಳು ಹಿಡಿದು, “ಕರೀ ಕಿವಿದು ದೇವಣಿ ಹೋರಿ, ಎರಡ ಹಲ್ಲ, ಕೊಡ್ತಿ ಏನ್?” ಎಂದ.

ವೀರಭದ್ರನ ಮುಖ ತೊಳೆದಿಟ್ಟ ನಂದಿಯಂತೆ ಇತ್ತು.

ಕಾಶೆಪ್ಪ ಮೂರು ಹಿಡಿದ. ನಾಲ್ಕು ಹಿಡಿದ. ಅಂಗೈ ಪೂರ್ತಿ ಹಿಡಿದ. ಆ ಬೆಲೆಗೆ ದೇವಣಿ ತಳಿಯ ಹೋರಿಯೇ ಏಕೆ, ಅದನ್ನು ಸಾಕಿದವನೂ ಹಗ್ಗ ಹಾಕಿಸಿಕೊಂಡು ಬಂದಾನು. ಮುಖದಲ್ಲಿ ಒಂದು ಕೂದಲೂ ಅಲುಗಲಿಲ್ಲ. ಕಾಶೆಪ್ಪನ ಹಣೆಯಲ್ಲಿ ಬೆವರು ಬಂತು.

“ಅರೇ ಬಾಪ್ ರೇ! ವೈನಿ, ಇಲ್ಲಿ ಬರ್ರಿ. ಮೂವತ್ತ ವರ್ಷ ಆತು ನಾ ಬಜಾರದಾಗ. ಇಂಥಾ ಮಾರಿ ನೋಡಿಲ್ಲ. ಈ ಮಾರಿ ಮುಂದ ಕೂತ್ರ ನನಗೇ ಹೆದರಿಕಿ ಆಗ್ಲತ್ತದ. ಏ ದೋಸ್ತ, ನೀ ನನ್ನ ಗಿರಾಕಿ ಪರವಾಗಿ ಕೂಡ್ತಿ ಏನ್?”

“ಬಜಾರಕ್ಕ ಹೋಗಂಗಿಲ್ಲೋ ನಾ.”

“ಬಜಾರನೇ ನಿನ್ನ ಹಂತ್ಯಾಕ ತರ್ತೀನಿ.”

ತಂದ. ಬಜಾರದ ಹಿಂದಿನ ದಿನ ಸಂಜೆ ಎತ್ತುಗಳು ಕೆಳಗೆ ರಸ್ತೆಯಾಚೆ ಬೇವಿನ ಮರಕ್ಕೆ ಬಂದು ನಿಲ್ಲತೊಡಗಿದವು. ವೀರಭದ್ರ ಮಾಳಿಗೆಯ ಕಿಟಕಿಯಿಂದ ಅವನ್ನು ನೋಡುತ್ತಿದ್ದ. ಮಾರುವವನು ಮೇಲೆ ಬಂದು, ಸಾಬೂನು ಹಚ್ಚಿ, ಮಾಸ್ಕ್ ಕಟ್ಟಿ ಎದುರು ಕೂರುತ್ತಿದ್ದ. ಟಾವೆಲು ಬೀಳುತ್ತಿತ್ತು. ವೀರಭದ್ರ ಕೊಳ್ಳುವವನ ಪರವಾಗಿ ಬೆರಳು ಹಿಡಿಯುತ್ತಿದ್ದ. ಸ್ವಲ್ಪ ಹೊತ್ತಿಗೆ ಮಾರುವವನು ತಾನಾಗಿಯೇ ಬೆಲೆ ಇಳಿಸುತ್ತ ಹೋಗುತ್ತಿದ್ದ. ಒಬ್ಬ ಆಸಾಮಿಯಂತೂ ಆ ಮುಖವನ್ನು ನೋಡುತ್ತ ನೋಡುತ್ತ ತನ್ನ ಎತ್ತಿನ ಒಂಬತ್ತು ಐಬುಗಳನ್ನು ತಾನೇ ಹೇಳಿದ. ಹತ್ತನೆಯದು ಇರಲಿಲ್ಲ. ಆದರೂ ಒಂದನ್ನು ಹುಟ್ಟಿಸಿ ಹೇಳಿ ಎದ್ದುಹೋದ.

ಸುದ್ದಿ ಉದಗೀರದಿಂದ ನಿಲಂಗಾಕ್ಕೆ, ಅಲ್ಲಿಂದ ಉಮರ್ಗಾ ಕಡೆಗೆ ಹೋಯಿತು. ಮೊದಲು ಹಿಂದಿನಿಂದ ನಗುತ್ತಿದ್ದವರು ಈಗ ವೀರಭದ್ರಪ್ಪನವರು ಎನ್ನತೊಡಗಿದರು. ಯಾರಿಂದಲೂ ಅವನು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ತೆಗೆದುಕೊಂಡರೆ ಆ ಗೌರವ ಕಡಿಮೆಯಾದೀತೆಂದು ಅವನ ಲೆಕ್ಕ.

ಆಪರೇಷನ್ ಆಗಿ ಆರನೆಯ ತಿಂಗಳು ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಕಸರತ್ತು ನಡೆದಾಗ ವೀರಭದ್ರನ ಎಡತುಟಿಯ ಮೂಲೆ ಹಾರಿತು. ನೊಣ ಕೂತು ಎದ್ದಷ್ಟು.

“ಏನ್ರೀ! ಮಿಸುಕಿತು! ಮಿಸುಕಿತ್ರೀ!” ನೀಲಾಬಾಯಿ ಕೈಯಲ್ಲಿದ್ದ ಚಮಚ ಬಿಟ್ಟು ಮೆಟ್ಟಿಲ ಹತ್ತಿರ ಓಡಿದಳು. “ಮೇಡಮ್! ಏ ಮೇಡಮ್!”

ಪ್ರಣಿತಾ ಬಂದಳು, ನೋಡಿದಳು, ಇನ್ನೊಮ್ಮೆ ಮಾಡಿಸಿದಳು. ಇನ್ನೊಮ್ಮೆ ಹಾರಿತು. ಅವಳು ಫೋನಿನಲ್ಲಿ ಚಿತ್ರ ತೆಗೆದು ದೊಡ್ಡ ಆಸ್ಪತ್ರೆಗೆ ಕಳಿಸಿದಳು. ನೀಲಾಬಾಯಿ ಎಲ್ಲರಿಗೂ ಸಕ್ಕರೆ ಹಾಕಿದ ಚಹಾ ಮಾಡಿದಳು. ವೀರಭದ್ರ ಕಿಟಕಿಯ ಕಡೆ ನೋಡುತ್ತ ಕೂತಿದ್ದ. ಮರುದಿನ ಸಂಜೆ ಒಬ್ಬ ದೊಡ್ಡ ಆಸಾಮಿ ಬರುವವನಿದ್ದ.

“ಈ ಮಾತ ಕಾಶೆಪ್ಪಗ ಹೇಳಬ್ಯಾಡ” ಎಂದ ಅವನು.

ಅಂದಿನಿಂದ ವೀರಭದ್ರ ಒಂದು ತಪ್ಪು ಮಾಡತೊಡಗಿದ. ನೀಲಾಬಾಯಿ ಕಾಯಿಪಲ್ಯಕ್ಕೆ ಹೋದಾಗ ಕಸರತ್ತು ಮಾಡದೆ ಮಾಡಿದೆ ಎನ್ನುತ್ತಿದ್ದ. ಕಡ್ಡಿಯನ್ನು ನೀರಿನಲ್ಲಿ ಅದ್ದಿ ಒದ್ದೆ ಮಾಡಿ ಇಡುತ್ತಿದ್ದ. ಅಷ್ಟೇ ಆಗಿದ್ದರೆ ಸೋಮಾರಿತನ ಎನ್ನಬಹುದಿತ್ತು. ಅವನು ಉಲ್ಟಾ ಕಸರತ್ತನ್ನೇ ಶುರು ಮಾಡಿದ್ದ. ತುಟಿ ಹಾರಲು ಬಂದ ಕೂಡಲೇ ಕಣ್ಣುಗಳನ್ನು ಬಿಗಿದು ಅದನ್ನು ತಡೆಯುತ್ತಿದ್ದ. ಕಣ್ಣು ಬಿಗಿದರೆ ತುಟಿ ನಿಲ್ಲುತ್ತದೆಂದು ಅವನೇ ಕಂಡುಕೊಂಡಿದ್ದ. ಎದುರು ಕೂತವರಿಗೆ ಅದು ಯೋಚನೆ ಮಾಡುವ ದೊಡ್ಡ ಮನುಷ್ಯನ ಹಾಗೆ ಕಾಣುತ್ತಿತ್ತು. ಮೂರು ವಾರ ಹೀಗೆ ನಡೆಯಿತು. ವ್ಯಾಪಾರ ಒಂದೂ ಸೋಲಲಿಲ್ಲ.

ನಾಲ್ಕನೆಯ ವಾರ ಪ್ರಣಿತಾ ಅವನನ್ನು ಬೆಳಕಿಗೆ ಕೂರಿಸಿ, “ಕಾಕಾ, ಕಣ್ಣ ಮುಚ್ಚರಿ” ಎಂದಳು. ಮುಚ್ಚಿದ. ಎಡತುಟಿಯ ಮೂಲೆ ಕಣ್ಣಿನ ಜೊತೆಗೆ ಎಳೆದುಕೊಂಡು ಸೊಟ್ಟಗೆ ಹೋಯಿತು. ಅವಳು ತುಟಿ ಅಳೆಯುವ ಸ್ಕೇಲು ಕೆಳಗಿಟ್ಟಳು.

“ಇದು ಹ್ಯಾಂಗಾತು? ಹೋದ ತಿಂಗಳ ಇದು ಇದ್ದಿಲ್ಲ. ಕಾಕು, ಇವರು ದಿನಾ ಮಾಡ್ತಾರೇನ್ರಿ?”

“ಮಾಡ್ತೀನಿ ಅಂತಾರಲ್ಲ” ಎಂದಳು ನೀಲಾಬಾಯಿ.

“ಕಾಕಾ?”

ಪ್ರಣಿತಾ ಇನ್ನೊಮ್ಮೆ ಕಣ್ಣು ಮುಚ್ಚಿಸಿದಳು, ತೆಗೆಸಿದಳು. ಅವಳಿಗೆ ಅರ್ಥವಾಯಿತು.

“ನೀರ ಬಂತು, ನೀವೇ ಮಣ್ಣ ಹಾಕಿ ಬ್ಯಾರೆ ಸಾಲಿಗಿ ತಿರಗಸೀರಿ. ನಾ ದವಾಖಾನಿಗಿ ಏನ್ ಹೇಳ್ಲಿ? ಈಗ ಬಿಟ್ರ ಬಿಡ್ತದ. ಇನ್ನೊಂದ ತಿಂಗಳ ಹಿಂಗೇ ಹೋದ್ರ ಬಾಯಿ, ಕಣ್ಣ ಎರಡೂ ಜೋಡಿ ಆಗ್ಬಿಡ್ತಾವ. ಆಮ್ಯಾಲ ನೀವ್ ನಗಬೇಕಂದ್ರೂ ಬರೂದು ನಗಿ ಅಲ್ಲ.”

ಅವಳು ಕೆಳಗೆ ಹೋದಳು. ನೀಲಾಬಾಯಿ ಗಂಡನ ಎದುರಿಗೆ ಬಂದು ನಿಂತಳು.

“ಬೇಕಂತಲೇ ಮಾಡೀರಿ?”

“ಹ್ಞಾಂ.”

“ಯಾಕ್ರಿ?”

“ಮೂವತ್ತ ವರ್ಷ ಮಂದಿ ನನ್ನ ಮಾರಿ ನೋಡಿ ನಕ್ಕಾರ, ನೀಲಾ. ನಾ ಬಂದ್ರ ಬಜಾರದಾಗ ‘ಬಂತು ನೋಡ್ರಿ ಖುಲ್ಲಾ ಪೆಟಗಿ’ ಅಂತಿದ್ರು. ಈಗ ಒಬ್ಬಾಂವಾ ನಗವಲ್ಲ. ಹೆದರ್ತಾರ. ಎದ್ದ ನಿಂದರ್ತಾರ. ನನಗ ಈ ಮಾರಿ ಬರೋಬರ್ ಅದ.”

“ನಿಮಗ ಬರೋಬರ್ ಅದ. ನನಗ?”

“ನಿನಗೇನ್ ಆಗ್ಯಾದ?”

“ನಾ ಯಾರ ಜೋಡಿ ಇದ್ದೀನಿ ಅಂತ ನನಗ ತಿಳಿವಲ್ದು. ನೀವ್ ಸಿಟ್ಟಿಗೆದ್ದೀರೋ, ಹಸದೀರೋ, ನನ್ನ ಮ್ಯಾಲ ಪ್ರೀತಿ ಅದನೋ ಇಲ್ಲೋ, ಎಲ್ಲಾ ಬಾಯಿಲೇ ಕೇಳ್ಬೇಕು. ನೀವ್ ಎಲ್ಲಾದಕ್ಕೂ ಬರೋಬರ್ ಅಂತೀರಿ. ಬಜಾರದಾಗ ಕೂತಂಗ ಮನ್ಯಾಗೂ ಕೂತ್ರ ಹ್ಯಾಂಗ್ರಿ?”

ವೀರಭದ್ರ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಸಿಟ್ಟಿನಿಂದಲೋ, ನಾಚಿಕೆಯಿಂದಲೋ, ಮುಖ ನೋಡಿದರೆ ಗೊತ್ತಾಗುವಂತಿರಲಿಲ್ಲ.

ಎರಡು ದಿನ ಬಿಟ್ಟು ದಾಳಿಂಬ ಎಂಬ ಊರಿನ ನಂದಕುಮಾರ ಬಂದ. ಅವನು ದೇವಣಿ ಜೋಡಿ ಹೋರಿಗಳನ್ನು ಪಿಕಪ್ ಗಾಡಿಯಲ್ಲಿ ತಂದಿದ್ದ. ಅವು ಎಷ್ಟು ಎತ್ತರ ಇದ್ದವೆಂದರೆ ಬೇವಿನ ಮರ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಕೊಟ್ಟಿತಂತೆ. ನಂದಕುಮಾರ ಕೈ ತೊಳೆದ, ಮಾಸ್ಕ್ ಕಟ್ಟಿದ, ಕಾಶೆಪ್ಪನ ಪಕ್ಕದಲ್ಲಿ ಕೂತ. ವೀರಭದ್ರ ಕಾಲು ಮಡಚಿ ಬೆನ್ನು ನೆಟ್ಟಗೆ ಮಾಡಿದ. ಕಾಶೆಪ್ಪ ಟಾವೆಲು ಹಾಸಲು ಕೈ ಎತ್ತಿದಾಗ ನೀಲಾಬಾಯಿ ಅಡುಗೆಯ ಮೂಲೆಯಿಂದ ಎದ್ದು ಬಂದಳು.

“ಅಣ್ಣಾ, ಜರಾ ಸರೀರಿ. ಮೊದಲ ನಂದೊಂದ ಸೌದಾ ಅದ.”

ಕಾಶೆಪ್ಪ ಸರಿದ. ಅವಳು ಸೆರಗು ಸಿಕ್ಕಿಸಿ ಗಂಡನ ಎದುರು ಕೂತಳು. ಟಾವೆಲನ್ನು ಕಸಿದು ಇಬ್ಬರ ಕೈಗಳ ಮೇಲೆ ಹಾಕಿದಳು. ಹೆಂಗಸು ಟಾವೆಲಿನ ಕೆಳಗೆ ಕೈ ಇಟ್ಟದ್ದನ್ನು ಕಾಶೆಪ್ಪ ಮೂವತ್ತು ವರ್ಷದಲ್ಲಿ ನೋಡಿರಲಿಲ್ಲ.

“ವೈನಿ, ನೀವ್ ಏನ್ ಮಾರ್ಲತ್ತೀರಿ?”

“ಮಾರಾಕಿ ಅಲ್ಲ, ತಗೊಳ್ಳಾಕಿ. ಇವರ ಮಾರಿ ತಗೊಳ್ಳಾಕಿ. ದಿನಕ್ಕ ಎಷ್ಟ ಸಲ ಕಸರತ್ತ ಅಂಬೂದು ಮಾತ. ಒಂದ ಬೊಟ್ಟಿಗಿ ಒಂದ ಸಲ. ನೀವ್ ದಲಾಲ.”

ನಂದಕುಮಾರ ಮಾಸ್ಕಿನೊಳಗೆ ಕೆಮ್ಮಿದ. ಕಾಶೆಪ್ಪನಿಗೆ ನಗುವುದೋ ಬೇಡವೋ ತಿಳಿಯಲಿಲ್ಲ. ಆದರೆ ಟಾವೆಲು ಬಿದ್ದ ಮೇಲೆ ಅದು ಸೌದಾ. ಟಾವೆಲಿನ ಕೆಳಗೆ ಹಿಡಿದ ಬೆರಳಿನ ಮೇಲೆ ದಲಾಲ ಕೈ ಇಟ್ಟನೆಂದರೆ ಅದನ್ನು ಯಾರೂ ಮುರಿಯುವುದಿಲ್ಲ. ಮುರಿದವನ ಜೊತೆ ಆ ಬಜಾರದಲ್ಲಿ ಮತ್ತೆ ಯಾರೂ ಕೈ ಸೇರಿಸುವುದಿಲ್ಲ. ವೀರಭದ್ರನಿಗೂ ಇದು ಗೊತ್ತಿತ್ತು. ಕೈ ಹಿಂದೆ ತೆಗೆದರೆ ಎದುರಿಗೆ ದಾಳಿಂಬದವನು ಕೂತಿದ್ದ, ಹೊತ್ತು ಮುಳುಗುವುದರೊಳಗೆ ಸುದ್ದಿ ಉಮರ್ಗಾದಲ್ಲಿ ಇರುತ್ತಿತ್ತು. ಮೇಲಾಗಿ ಈ ಮುಖ ಬಂದ ಮೇಲೆ ಅವನು ಯಾರಿಗೂ ಸೋತಿರಲಿಲ್ಲ.

“ಆಗ್ಲಿ” ಎಂದ.

ಅವನು ಅವಳ ಒಂದು ಬೆರಳು ಹಿಡಿದ. ಅವಳು ಅವನ ಐದೂ ಬೆರಳು ಹಿಡಿದಳು.

ಅವನ ಮುಖ ಅಲುಗಲಿಲ್ಲ. ಅವಳು ಅವನ ಮುಖ ನೋಡಲೂ ಇಲ್ಲ. ಟಾವೆಲಿನ ನೀಲಿ ಅಂಚನ್ನು ನೋಡುತ್ತಿದ್ದಳು. ಇಪ್ಪತ್ತೈದು ವರ್ಷ ಆ ಕೈಗೆ ರೊಟ್ಟಿ ಕೊಟ್ಟವಳು, ಅದರ ಮುಳ್ಳು ತೆಗೆದವಳು, ಆಸ್ಪತ್ರೆಯಲ್ಲಿ ನಾಲ್ಕು ತಿಂಗಳು ಅದನ್ನೇ ಹಿಡಿದು ಕೂತವಳು. ಆ ಕೈಗೆ ಆಪರೇಷನ್ ಆಗಿರಲಿಲ್ಲ. ಅದು ಹಳೆಯ ವೀರಭದ್ರನದೇ ಆಗಿತ್ತು.

ಅವನು ಎರಡು ಹಿಡಿದ. ಕಿರುಬೆರಳು ಒಳಗೆ ಮಡಚಿಕೊಂಡದ್ದು ಅವಳಿಗೆ ತಿಳಿಯಿತು. ಹೆದರಿದಾಗ ಅದು ಹಾಗೆ ಮಡಚುತ್ತದೆ. ಅವಳು ಐದು ಬಿಡಲಿಲ್ಲ.

“ಎರಡ ಹಿಡದೀರಿ, ಕೈ ಯಾಕ ತಣ್ಣಗಾಗ್ಯಾದ?” ಎಂದಳು.

“ಮಾತಾಡಬ್ಯಾಡ. ಟಾವೆಲ ಬಿದ್ದ ಮ್ಯಾಲ ಮಾತಿಲ್ಲ.”

“ಅಣ್ಣಾ, ದಲಾಲ ಅದೀರಿ, ಹೇಳ್ರಿ. ನಾ ಏನ್ ಬೊಟ್ಟ ಎಷ್ಟಂತ ಹೊರಗ ಹೇಳೀನೇನ?”

“ಎರಡ ಅಂತ ಈಗ ಹೇಳಿದ್ರಲ್ಲ ವೈನಿ” ಎಂದ ಕಾಶೆಪ್ಪ.

“ಅದು ಸುಳ್ಳ ಇರಬೌದು.”

ನಂದಕುಮಾರ ಮಾಸ್ಕನ್ನು ಕೈಯಿಂದ ಒತ್ತಿ ಹಿಡಿದು ಬಗ್ಗಿದ. ಅವನ ಬೆನ್ನು ಕುಣಿಯುತ್ತಿತ್ತು.

ವೀರಭದ್ರ ಮೂರು ಹಿಡಿದ. ಸ್ವಲ್ಪ ಹೊತ್ತು ಬಿಟ್ಟು ನಾಲ್ಕು ಹಿಡಿದು ಗಟ್ಟಿಯಾಗಿ ಒತ್ತಿದ. ಇದೇ ಕೊನೆ ಎಂಬ ಒತ್ತು ಅದು. ಬಜಾರದಲ್ಲಿ ಯಾರೇ ಆಗಿದ್ದರೂ ಒಪ್ಪಿಕೊಳ್ಳುತ್ತಿದ್ದರು. ಆದರೆ ಅವನ ಹೆಬ್ಬೆರಳಿನ ಬುಡ ಅದುರುತ್ತಿತ್ತು. ನೀಲಾಬಾಯಿ ತನ್ನ ಇನ್ನೊಂದು ಕೈಯನ್ನೂ ಟಾವೆಲಿನ ಕೆಳಗೆ ತಂದು ಆ ಕೈಯನ್ನು ಎರಡೂ ಕಡೆಯಿಂದ ಹಿಡಿದಳು. ಎರಡು ಕೈ ಹಾಕುವುದು ಬಜಾರದ ರೀತಿಯಲ್ಲ.

ಕೆಳಗೆ ಹೋರಿ ಒಂದು ಸಲ ಕೂಗಿತು. ವೀರಭದ್ರ ಕಿಟಕಿಯ ಕಡೆಗೂ ನೋಡಲಿಲ್ಲ. ಅವನ ಮಡಚಿದ್ದ ಕಿರುಬೆರಳು ಬಿಚ್ಚಿ ಅವಳ ಐದನೆಯ ಬೆರಳನ್ನೂ ಹಿಡಿಯಿತು.

“ಅಣ್ಣಾ, ಕೈ ಇಡ್ರಿ” ಎಂದಳು ನೀಲಾಬಾಯಿ.

ಕಾಶೆಪ್ಪ ಟಾವೆಲಿನ ಮೇಲಿಂದ ಕೈ ಇಟ್ಟ. “ಸೌದಾ ಆತು. ದಿನಕ್ಕ ಐದ ಸಲ. ನಂದಕುಮಾರ ಸಾಕ್ಷಿ.”

“ಕಣ್ಣ ಬಿಗಿಯೂದು ಬಂದ್” ಎಂದು ಸೇರಿಸಿದಳು ಅವಳು.

“ಅದು ಬ್ಯಾರೆ ಸೌದಾ” ಎಂದ ವೀರಭದ್ರ.

“ಹೋರಿ ತಗೊಂಡ್ರ ಹಗ್ಗ ಅದರ ಜೋಡಿನೇ ಬರ್ತದ. ಹೌದಿಲ್ಲೋ ಅಣ್ಣಾ?”

“ಹೌದ್ರಿ ವೈನಿ. ಹಗ್ಗ ಬರ್ತದ.”

ನಂದಕುಮಾರ ಮಾಸ್ಕ್ ಸರಿ ಮಾಡಿಕೊಂಡು ಎದ್ದ. “ನಾ ಈ ಮನ್ಯಾಗ ಹೋರಿ ಮಾರಂಗಿಲ್ಲಪ್ಪಾ. ವೀರಭದ್ರಪ್ಪನೋರಿಗಿ ಹೆದರ್ಕೋತ ಬಂದಿದ್ದೆ. ಬಾಯಿಯವರು ಅವರಿಗಿಂತ ಕಠಿಣ ಅದಾರ” ಎಂದು ಹೇಳಿ ಕೆಳಗೆ ಹೋದ. ಅಂದು ವ್ಯಾಪಾರ ಆಗಲಿಲ್ಲ. ವೀರಭದ್ರ ಅಲ್ಲಿಯೇ ಕೂತು ಆ ದಿನದ ಮೊದಲನೆಯ ಕಸರತ್ತು ಮಾಡಿದ. ಸಂಜೆಯಾಗಿತ್ತು, ಆದರೂ ಐದೂ ಆಗಬೇಕೆಂದು ಮಲಗುವ ತನಕ ಮಾಡಿದ. ಟಾವೆಲಿನ ಕೆಳಗಿನ ಮಾತನ್ನು ಅವನು ಹಿಂದೆಂದೂ ಮುರಿದಿರಲಿಲ್ಲ. ಕುಂಟ ಎತ್ತನ್ನೂ ಮನೆಗೆ ಹೊಡೆದುಕೊಂಡು ಬಂದವನು ಅವನು.

ಪ್ರಣಿತಾ ಹೊಸ ಕಸರತ್ತು ಸೇರಿಸಿದಳು, ತಾನು ಹೇಳುವ ತನಕ ವ್ಯಾಪಾರಕ್ಕೆ ಕೂರಬಾರದೆಂದಳು. ಕಣ್ಣು ಅಗಲವಾಗಿ ತೆರೆದಿಟ್ಟು ತುಟಿ ಎತ್ತುವುದು. ತುಟಿ ಸಡಿಲ ಬಿಟ್ಟು ರೆಪ್ಪೆ ಮುಚ್ಚುವುದು. ತಪ್ಪಿದರೆ ನಿಲ್ಲಿಸಿ, ಉಸಿರು ಬಿಟ್ಟು, ಸಣ್ಣದಾಗಿ ಮತ್ತೆ ಮಾಡುವುದು. ಜೋರು ಮಾಡಬಾರದು; ಜೋರು ಮಾಡಿದರೆ ಹಳೆಯ ತಪ್ಪು ಓಡಿ ಬರುತ್ತದೆ. ಒಂದು ವಾರ ಏನೂ ಆಗಲಿಲ್ಲ. ಎರಡನೆಯ ವಾರ ಕಣ್ಣು ಮುಚ್ಚಿದಾಗ ತುಟಿಯ ಎಳೆತ ಅರ್ಧಕ್ಕೆ ಇಳಿಯಿತು. ಮೂರನೆಯ ವಾರ ಕೆಳತುಟಿ ಮೇಲ್ತುಟಿಗೆ ಮುಟ್ಟಿ, ಅವನು ಬಹಳ ದಿನದ ಮೇಲೆ ಹೆಂಡತಿಗೆ “ಬಾ” ಎಂದು ಸರಿಯಾಗಿ ಹೇಳಿದ. ಅವಳು ಬಂದಳು. ಬಂದ ಮೇಲೆ ಅವನಿಗೆ ಹೇಳಲು ಏನೂ ಇರಲಿಲ್ಲ, ಸುಮ್ಮನೆ ಹೇಳಿ ನೋಡಿದ್ದ.

ಐದು ವಾರ ಕಳೆದ ಮೇಲೆ ಕಾಶೆಪ್ಪ ಮತ್ತೆ ಬಂದ. ಕೈ ತೊಳೆದು, ಮಾಸ್ಕ್ ಕಟ್ಟಿ ಕೂತ. ಬಜಾರದಲ್ಲಿ ಎಲ್ಲರೂ ವೀರಭದ್ರಪ್ಪ ಯಾವಾಗ ಕೂರುತ್ತಾರೆಂದು ಕೇಳುತ್ತಿದ್ದಾರೆಂದು ಹೇಳಿದ.

“ಮೇಡಮ್ ಹ್ಞಾಂ ಅಂದ್ರ ಮುಂದಿನ ಬಜಾರಕ್ಕೇ ಕೂಡ್ತೀನಿ” ಎಂದ ವೀರಭದ್ರ.

“ಮೊದಲ ನೋಡಮು ತಡಿ.”

ಕಾಶೆಪ್ಪ ಟಾವೆಲು ಹಾಕಿದ. ಎರಡು ಬೆರಳು ಹಿಡಿದು ಗೆಳೆಯನ ಮುಖ ನೋಡಿದ. ಮೂರು ಹಿಡಿದು ನೋಡಿದ. ನಾಲ್ಕು ಹಿಡಿದು, ತಲೆ ಓರೆ ಮಾಡಿ, ಇನ್ನೂ ಹತ್ತಿರದಿಂದ ನೋಡಿದ. ಆಮೇಲೆ ಟಾವೆಲು ತೆಗೆದು ಮಡಚಿ ಪಕ್ಕಕ್ಕಿಟ್ಟ.

“ಹೋತೋ ದೋಸ್ತ.”

“ಏನ್ ಹೋತು?”

“ಎರಡಕ್ಕ ಎಡಗಡಿ ತುಟಿ ಎದ್ದದ. ಮೂರಕ್ಕ ಗಲ್ಲ ಹಾರ್ಯಾದ. ನಾಕಕ್ಕ ಏನೇನೋ ಆಗ್ಯಾದ, ನನಗೇ ಪೂರಾ ತಿಳೀಲಿಲ್ಲ. ಇಂಥಾ ಮಾರಿ ಮುಂದ ಕುರೀ ಮರಿ ಮಾರಾಂವಾ ಸೈತ ಬೆಲಿ ಇಳಸಂಗಿಲ್ಲ. ನಾ ಗಿರಾಕಿಗಿ ಬ್ಯಾರೆ ಮನಷ್ಯಾಗ ನೋಡ್ತೀನಿ. ಸಿಟ್ಟ ಮಾಡ್ಕೋಬ್ಯಾಡ.”

“ಇಲ್ಲ. ನಾ ಯಾಕ ಸಿಟ್ಟ ಮಾಡ್ಲಿ” ಎಂದ ವೀರಭದ್ರ. “ನನಗೇನ್ ಅದರಾಗ.”

ನೀಲಾಬಾಯಿ ಚಹಾದ ಕಪ್ಪು ಹಿಡಿದು ಅಡುಗೆಯ ಮೂಲೆಯಿಂದ ಬರುತ್ತಿದ್ದಳು. ಅಲ್ಲಿಯೇ ನಿಂತಳು. ಗಂಡನ ಬಾಯಿಯ ಎರಡೂ ಮೂಲೆಗಳು ಕೆಳಗೆ ಇಳಿದಿದ್ದವು. ಕೆಳತುಟಿ ಒಂದಿಷ್ಟು ಮುಂದೆ ಬಂದಿತ್ತು. ಗದ್ದದ ಗುಳಿಯ ಸುತ್ತ ಚರ್ಮ ಸುಕ್ಕುಗಟ್ಟಿ ಮುದ್ದೆಯಾಗಿತ್ತು. ಇದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಪ್ರಣಿತಾಳ ಕಸರತ್ತಿನ ಪಟ್ಟಿಯಲ್ಲಿ ಇದು ಇರಲೇ ಇಲ್ಲ.

“ಸಿಟ್ಟ ಬಂದದ!” ಎಂದು ಅವಳು ಕೂಗಿದಳು. ಚಹಾ ಕೈಮೇಲೆ ಚೆಲ್ಲಿತು. “ಅಣ್ಣಾ, ನೋಡ್ರಿ, ಇವರಿಗಿ ಸಿಟ್ಟ ಬಂದದ! ಮೇಡಮ್! ಮೇಡಮ್!”

ಕೂಗು ಕೇಳಿ ಪ್ರಣಿತಾ ಏನೋ ಕೆಟ್ಟದ್ದಾಯಿತೆಂದು ಎರಡೆರಡು ಮೆಟ್ಟಿಲು ಹತ್ತಿ ಬಂದಳು. ಉಸಿರು ಹಿಡಿದುಕೊಂಡು ವೀರಭದ್ರನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಆಮೇಲೆ ಮುಖ ನೋಡಿದಳು, ಜೇಬಿನಿಂದ ಸ್ಕೇಲು ತೆಗೆದಳು.

“ಕಾಕಾ, ಹಂಗೇ ಇರ್ರಿ. ಮಿಸುಕಬ್ಯಾಡ್ರಿ. ಎಡಕ್ಕ ನಾಕ ಮಿಲಿಮೀಟರ್. ಬಲಕ್ಕ ಮೂರ. ಕಣ್ಣ ಎಳದಿಲ್ಲ.”

“ನನಗ ಸಿಟ್ಟ ಬಂದಿಲ್ಲ” ಎಂದ ವೀರಭದ್ರ.

“ಬಂದದ್ರಿ” ಎಂದಳು ನೀಲಾಬಾಯಿ.

“ಇಲ್ಲಂದ್ರ ಇಲ್ಲ.”

“ಈಗ ಇನ್ನೂ ಜಾಸ್ತಿ ಆತು ನೋಡ್ರಿ ಮೇಡಮ್, ಮತ್ತ ಅಳೀರಿ.”